ಹುಡುಕುವುದರಲ್ಲಿ ಜಾಣ, ರಿಪೇರಿಯಲ್ಲಿ ಅವಸರಗಾರ

ನೆಟ್‌ವರ್ಕಿನ ಭದ್ರತೆಯ ತೂತು ಹುಡುಕಿ ತಾನೇ ಮುಚ್ಚುವ ಟೂಲಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬೇಡ. ನಾನು ಬದಿಯಡ್ಕ ಕಡೆಯ ಒಂದು ಸಹಕಾರಿ ಸಂಘದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು. ಕೌಂಟರಿನ ವಿಂಡೋಸ್ ಕಂಪ್ಯೂಟರ್‌ಗಳು, ಉಬುಂಟು ಅನ್ನುವ ಲಿನಕ್ಸ್ ಹಾಕಿದ ಒಂದು ಸರ್ವರ್, ಒಂದು ಹಳೇ ಜೆರಾಕ್ಸ್ ಮೆಷಿನ್. ನಮ್ಮ ಸಂಸಾರ ಇಷ್ಟೇ.

ಬೆಳಿಗ್ಗೆ ಯುಪಿಎಸ್ ಆನ್ ಮಾಡಿ, ಒಂದು ಗ್ಲಾಸ್ ಕಣ್ಣ ಚಾ ಹಿಡಿದುಕೊಂಡು ರಾತ್ರಿಯ ರಿಪೋರ್ಟ್ ತೆರೆಯುವುದು ನನಗೆ ಪೇಪರ್ ಓದಿದ ಹಾಗೆ. ಕೆಂಪು ಸಾಲುಗಳನ್ನು ನೋಡಿ ಗಾಬರಿಯಾಗುವ ಕಾಲ ಹೋಯಿತು. ಯಾವ ತೂತಿಗೆ 10ಕ್ಕೆ ಎಷ್ಟು ಅಂಕ ಅಂತ ಮೊದಲು ನೋಡುವುದೇ ಇಲ್ಲ. ತೂತು ಎಷ್ಟು ದೊಡ್ಡದು ಅಂತ ಅಂಕ ಹೇಳುತ್ತದೆ, ಕಳ್ಳರು ಅದರಲ್ಲಿ ನುಗ್ಗುತ್ತಿದ್ದಾರೋ ಇಲ್ಲವೋ ಹೇಳುವುದಿಲ್ಲ. ಕಳ್ಳರು ನಿಜವಾಗಿ ನುಗ್ಗಿದ ತೂತುಗಳಿಗೆ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸೀಸಾ (CISA) 2021ರಿಂದ ಬೇರೆಯೇ ಪಟ್ಟಿ ಇಟ್ಟಿದೆ. ಆ ಪಟ್ಟಿಯಲ್ಲಿರುವುದನ್ನು ಈ ಟೂಲ್ ಮೇಲೆ ತಂದು ತೋರಿಸುತ್ತದೆ. ಈ ಒಂದು ವಿಷಯಕ್ಕೆ ಪೂರ್ತಿ ಮಾರ್ಕು.

ಸಿಟ್ಟು ಬಂದದ್ದು ರಿಪೇರಿಯ ವಿಷಯದಲ್ಲಿ. ಒಂದು ಬೆಳಿಗ್ಗೆ ಸಾಲದ ವಿಭಾಗದ ಅಕ್ಕ ಕರೆದರು. "ಇದೆಂತ ಮಾರಾಯ್ರೇ, ಸ್ಕ್ಯಾನ್ ಮಾಡಿದ್ದು ಫೋಲ್ಡರಿಗೆ ಬರ್ತಾನೇ ಇಲ್ಲ!" ಕೌಂಟರಿನ ಮುಂದೆ ತೀರ್ವೆ ರಶೀದಿ ಹಿಡಿದು ನಿಂತವರ ಸಾಲು. ನೋಡಿದರೆ ಟೂಲ್ ರಾತ್ರೋರಾತ್ರಿ ಎಸ್‌ಎಂಬಿ 1 ಅನ್ನು, ಅಂದರೆ ನೆಟ್‌ವರ್ಕಿನಲ್ಲಿ ಫೈಲ್ ಕಳಿಸುವ ಹಳೇ ದಾರಿಯನ್ನು, ಬಂದ್ ಮಾಡಿತ್ತು. ತಪ್ಪೇನಲ್ಲ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಹರಡಿದ್ದು ಅದೇ ದಾರಿಯಲ್ಲಿ; ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಪ್ಯಾಚ್ (ತೂತು ಮುಚ್ಚುವ ತೇಪೆ) ಕೊಟ್ಟಿದ್ದರೂ ಹಾಕದವರು ಸಿಕ್ಕಿಬಿದ್ದರು. ಆದರೆ ನಮ್ಮ ಜೆರಾಕ್ಸ್ ಮೆಷಿನ್‌ಗೆ ಬೇರೆ ದಾರಿ ಗೊತ್ತಿಲ್ಲವಲ್ಲ! ಪರದೆಯ ಮೇಲೆ ಮಾತ್ರ ಹಸಿರು ಟಿಕ್: ಸರಿಪಡಿಸಲಾಗಿದೆ. ಆ ದಾರಿಯನ್ನು ಯಾರು ಬಳಸುತ್ತಿದ್ದರು ಅಂತ ಒಂದು ಸಾಲೂ ಇಲ್ಲ. ಹಿಂದಕ್ಕೆ ತರುವ ಬಟನ್ನೂ ಇಲ್ಲ. ಸಪೋರ್ಟಿನವರನ್ನು ಕೇಳಿದರೆ ಬ್ಯಾಕಪ್‌ನಿಂದ ತನ್ನಿ ಅಂದರು. ಆಮೇಲೆ ಕೆಲವು ದಿನ ಸ್ಕ್ಯಾನ್ ಮಾಡಿದ್ದನ್ನು ಹೊತ್ತುಕೊಂಡು ಒಂದು ಪೆನ್‌ಡ್ರೈವ್ ಮೇಜಿನಿಂದ ಮೇಜಿಗೆ ಓಡಾಡಿತು. ತೂತು ಮುಚ್ಚಲು ಹೋಗಿ ಅದಕ್ಕಿಂತ ದೊಡ್ಡ ಬಾಗಿಲು ತೆರೆದ ಹಾಗಾಯಿತು, ಅಲ್ವಾ?

ಉಬುಂಟು ಸರ್ವರಿನದು ಇನ್ನೊಂದು ತಮಾಷೆ. ಉಬುಂಟುವಿನವರು ಹಳೇ ಆವೃತ್ತಿಗೇ ಭದ್ರತೆಯ ಪ್ಯಾಚ್ ಸೇರಿಸುತ್ತಾರೆ, ಮುಖ್ಯ ನಂಬರ್ ಹಾಗೇ ಇರುತ್ತದೆ. ಟೂಲ್ ಆ ನಂಬರನ್ನು ಮಾತ್ರ ನೋಡಿ ಸುಮ್ನೆ ಬೊಬ್ಬೆ ಹಾಕುತ್ತದೆ. ಲಾಗಿನ್ ಕೊಟ್ಟು ಒಳಗಿಂದ ಸ್ಕ್ಯಾನ್ ಮಾಡಿಸಿದ ಮೇಲೆ ಗಲಾಟೆ ಎಷ್ಟೋ ಕಡಿಮೆಯಾಯಿತು.

ಈಗ ಅಷ್ಟು ಸಿಟ್ಟಿಲ್ಲ. ಸೆಟ್ಟಿಂಗ್ಸ್‌ನ ಮೂಲೆಯಲ್ಲಿ "ಮೊದಲು ಕೇಳು" ಅನ್ನುವ ಆಯ್ಕೆ ಸಿಕ್ಕಿತು. ಪ್ಯಾಚ್ ಏನೇ ಬರಲಿ, ಮೊದಲು ನನ್ನ ಕಂಪ್ಯೂಟರ್‌ಗೆ, ಆಮೇಲೆ ಒಂದು ಕೌಂಟರಿಗೆ, ಕೊನೆಗೆ ಉಳಿದವಕ್ಕೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದೇ ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದ್ದನ್ನು ನೋಡಿದವರಿಗೆ ಇದು ಜಾಸ್ತಿ ಅನ್ನಿಸಲಿಕ್ಕಿಲ್ಲ.

ಇನ್ನು ದುಡ್ಡು. ಒಂದೊಂದು ಕಂಪ್ಯೂಟರ್‌ಗೂ ವರ್ಷ ವರ್ಷ ಚಂದಾ. ಹುಡುಕುವ ಕೆಲಸಕ್ಕಾದರೆ ಓಪನ್‌ವಾಸ್ ಅನ್ನುವ ಟೂಲ್ ಪುಕ್ಕಟೆಗೆ ಸಿಗುತ್ತದೆ, ಕಲಿಯಲು ತಾಳ್ಮೆ ಬೇಕು ಅಷ್ಟೆ. ನಾವು ದುಡ್ಡು ಕೊಡುವುದು ತಾನೇ ರಿಪೇರಿ ಮಾಡುತ್ತದೆ ಅಂತ. ಆ ರಿಪೇರಿಯನ್ನೇ ಈಗ ನನ್ನನ್ನು ಕೇಳದೆ ಮಾಡಲು ಬಿಡುವುದಿಲ್ಲ! ನಮ್ಮಂಥ ಸಣ್ಣ ಕಚೇರಿಗೆ ಐದಕ್ಕೆ ಮೂರು ಸ್ಟಾರ್. ಹಿಂದಕ್ಕೆ ತರುವ ಬಟನ್ ಕೊಟ್ಟರೆ ನಾಲ್ಕು. ಕೊಡದಿದ್ದರೆ ಮುಂದಿನ ಸಲ ಚಂದಾ ಕಟ್ಟುವುದು ಬೇಡ ಅಂತ ಕಮಿಟಿಗೆ ಬರೆದುಕೊಟ್ಟಿದ್ದೇನೆ.