ಟ್ಯಾಬಾ, ಸ್ಪೇಸಾ? ಎಡಿಟರ್ ಯಾರ ಮಾತು ಕೇಳಬೇಕು

ಒಂದು ಪೈಥಾನ್ ಫೈಲು. ಕಣ್ಣಿಗೆ ಎಲ್ಲ ಸಾಲೂ ನೇರವಾಗಿಯೇ ನಿಂತಿವೆ. ಓಡಿಸಿದರೆ ಟ್ಯಾಬ್‌ಎರರ್, ಅಂದರೆ ಸಾಲಿನ ಮುಂದೆ ಬಿಡುವ ಜಾಗದಲ್ಲಿ (ಇಂಡೆಂಟೇಶನ್) ಟ್ಯಾಬೂ ಸ್ಪೇಸೂ ಬೆರೆತಿವೆ ಎಂಬ ತಕರಾರು. ನಾನು ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ, ಖಾಲಿ ಜಾಗವನ್ನು ಗುರುತು ಹಾಕಿ ತೋರಿಸುವ ರೆಂಡರ್ ವೈಟ್‌ಸ್ಪೇಸ್ ಅನ್ನು 'ಆಲ್' ಮಾಡಿ ನೋಡಿದೆ. ಐದು ಸಾಲಿನ ಮುಂದೆ ನಾಲ್ಕು ನಾಲ್ಕು ಚುಕ್ಕಿ, ಆರನೆಯದರ ಮುಂದೆ ಒಂದು ಬಾಣ. ಚುಕ್ಕಿ ಸ್ಪೇಸು, ಬಾಣ ಟ್ಯಾಬು. ಬಾಣ ಬಿಟ್ಟವನು ನಾನೇ!

ಆಗ ನಾನು ಪೂರ್ತಿ ಸ್ವಂತ ಸೆಟ್ಟಿಂಗ್ ನಂಬಿದ್ದೆ. ಜಾಸ್ತಿ ಬರೆಯುವುದು ಗೋ ಭಾಷೆಯಲ್ಲಿ, ಅಲ್ಲಿ ಕೋಡನ್ನು ಒಪ್ಪವಾಗಿ ಜೋಡಿಸುವ ಗೋಫ್ಮಟ್ ಟ್ಯಾಬನ್ನೇ ಹಾಕುತ್ತದೆ. ಹಾಗಾಗಿ ಇನ್ಸರ್ಟ್ ಸ್ಪೇಸಸ್ (ಟ್ಯಾಬ್ ಕೀ ಒತ್ತಿದರೂ ಸ್ಪೇಸ್ ಹಾಕುವುದು), ಡಿಟೆಕ್ಟ್ ಇಂಡೆಂಟೇಶನ್ (ಫೈಲಿನಲ್ಲಿ ಇರುವುದನ್ನೇ ಅನುಸರಿಸುವುದು) ಎರಡನ್ನೂ ಆಫ್ ಮಾಡಿಟ್ಟಿದ್ದೆ. ಒಬ್ಬನೇ ಕೂತು ಬರೆಯುವಾಗ ಆರಾಮ. ಬೇರೆಯವರ ಫೈಲಿಗೆ ಕೈ ಹಾಕಿದರೆ ಮಾತ್ರ ಎಡವಟ್ಟು.

ಆಮೇಲೆ ಡಿಟೆಕ್ಟ್ ಆನ್ ಮಾಡಿದೆ. ಡಿಫಾಲ್ಟ್ ಆಗಿ ಇರುವುದೇ ಹಾಗೆ, ನಾನೇ ಅದನ್ನು ಕೆಡಿಸಿದ್ದು. ಫೈಲ್ ತೆರೆದ ಕೂಡಲೇ ಎಡಿಟರ್ ಒಳಗೆ ಇಣುಕಿ, ಇಲ್ಲಿ ಏನು ನಡೆಯುತ್ತಿದೆ ಅಂತ ಊಹಿಸಿ, ಅದರಂತೆ ನಡೆಯುತ್ತದೆ. ನೀವು ಟ್ಯಾಬ್ ಸೈಜ್ 2 ಅಂತ ಬರೆದಿಟ್ಟಿದ್ದರೂ ಕೆಳಗಿನ ಪಟ್ಟಿಯಲ್ಲಿ 'ಸ್ಪೇಸಸ್: 4' ಕಾಣುವುದು ಇದರಿಂದಲೇ. ಸೆಟ್ಟಿಂಗ್ ಕೆಲಸ ಮಾಡ್ತಿಲ್ಲ ಅಂತ ನಾನೂ ಒಮ್ಮೆ ತಲೆ ಕೆಡಿಸಿಕೊಂಡಿದ್ದೆ. ಇದರ ತೊಂದರೆ ಹೊಸ ಫೈಲಿನಲ್ಲಿ. ಖಾಲಿ ಹಾಳೆ ನೋಡಿ ಏನು ಊಹಿಸುತ್ತದೆ, ಪಾಪ?

ಈಗ ಮನಸ್ಸು ನಿಂತಿರುವುದು ಎಡಿಟರ್‌ಕಾನ್ಫಿಗ್ ಮೇಲೆ. ಯಾವ ಫೈಲಿಗೆ ಟ್ಯಾಬು, ಯಾವುದಕ್ಕೆ ಸ್ಪೇಸು ಅಂತ ಬರೆದಿಡಲು ಪ್ರಾಜೆಕ್ಟಿನ ಬುಡದಲ್ಲಿ ಒಂದು ಸಣ್ಣ ಫೈಲು, ಕೋಡಿನ ಜೊತೆಗೇ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಹೋಗುತ್ತದೆ. ವಿಎಸ್ ಕೋಡ್‌ಗೆ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕು. ಪಕ್ಕದ ಸೀಟಿನವರ ನಿಯೋವಿಮ್ ಎಡಿಟರ್ 0.9ನೇ ಆವೃತ್ತಿಯಿಂದ ಇದನ್ನು ತಾನಾಗಿಯೇ ಓದುತ್ತದೆ. ಕೋಡನ್ನು ಒಪ್ಪ ಮಾಡುವ ಪ್ರೆಟಿಯರ್ ಕೂಡ ಇದನ್ನೇ ನೋಡುವುದರಿಂದ ಎರಡೆರಡು ಕಡೆ ಬರೆಯುವ ರಗಳೆ ಇಲ್ಲ.

ಆದರೆ ಮೊದಲ ದಿನವೇ ಪೆಟ್ಟು ತಿಂದೆ. ನಕ್ಷತ್ರ ಹಾಕಿ 'ಎಲ್ಲ ಫೈಲಿಗೂ ಸ್ಪೇಸ್' ಅಂತ ಬರೆದುಬಿಟ್ಟಿದ್ದೆ. ಮೇಕ್ ಎಂಬ ಟೂಲು ಯಾವ ಕಮಾಂಡ್ ಓಡಿಸಬೇಕು ಅಂತ ಬರೆದಿಡುವ ಮೇಕ್‌ಫೈಲ್ ಎನ್ನುವುದೊಂದಿದೆ, ಅದರ ಕಮಾಂಡ್ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು ಅನ್ನುವುದು ನೆನಪೇ ಇರಲಿಲ್ಲ. ಹೊಸದಾಗಿ ಒಂದು ಸಾಲು ಸೇರಿಸಿ ಮೇಕ್ ಒತ್ತಿದೆ, 'ಮಿಸ್ಸಿಂಗ್ ಸೆಪರೇಟರ್' ಅಂತು. ಮಜಾ ಅಂದರೆ, ಸುಮ್ನೆ ಬಿಟ್ಟಿದ್ದರೆ ವಿಎಸ್ ಕೋಡ್ ತಾನೇ ಅಲ್ಲಿ ಟ್ಯಾಬ್ ಹಾಕುತ್ತಿತ್ತು. ಈಗ ಮೇಕ್‌ಫೈಲ್‌ಗೆ, ಗೋ ಫೈಲಿಗೆ ಟ್ಯಾಬ್ ಅಂತ ಬೇರೆಯೇ ಬರೆದಿದ್ದೇನೆ.

ಡಿಟೆಕ್ಟ್ ಅನ್ನೂ ಆನ್ ಇಟ್ಟಿದ್ದೇನೆ, ಎಡಿಟರ್‌ಕಾನ್ಫಿಗ್ ಫೈಲ್ ಇಲ್ಲದ ಹಳೇ ಪ್ರಾಜೆಕ್ಟುಗಳಿಗೆ ಅದೇ ಗತಿ.

ಇನ್ನೊಂದು ವಿಷಯ. ಎಡಿಟರ್‌ಕಾನ್ಫಿಗ್ ಇದ್ದರೂ ಹಳೆಯ ಸಾಲುಗಳು ತಾವಾಗಿ ಬದಲಾಗುವುದಿಲ್ಲ, 'ಕನ್ವರ್ಟ್ ಇಂಡೆಂಟೇಶನ್ ಟು ಸ್ಪೇಸಸ್' ಅಂತ ನಾವೇ ಕೊಡಬೇಕು. ನಾನು ಎಲ್ಲ ಪೈಥಾನ್ ಫೈಲಿಗೂ ಅದನ್ನು ಕೊಟ್ಟು, ಗಿಟ್‌ನಲ್ಲಿ ಅದನ್ನೇ ಬೇರೆ ಕಮಿಟ್ (ದಾಖಲು) ಮಾಡಿದೆ. ಮರುದಿನ, ಪ್ರತಿ ಸಾಲನ್ನು ಕೊನೆಗೆ ಬದಲಿಸಿದವರು ಯಾರು ಅಂತ ತೋರಿಸುವ ಗಿಟ್ ಬ್ಲೇಮ್ ನೋಡಿದವರಿಗೆ ಎಷ್ಟೋ ಸಾಲುಗಳ ಮುಂದೆ ನನ್ನ ಹೆಸರು. ಬ್ಲೇಮ್‌ಗೆ 'ಡಬ್ಲ್ಯೂ' (-w) ಆಯ್ಕೆ ಕೊಟ್ಟರೆ ಬರೀ ಸ್ಪೇಸ್ ಬದಲಾವಣೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಅವರಿಗೆಲ್ಲ ಹೇಳಿಕೊಂಡು ಬಂದೆ.