ಮಂಡ್ಯ ಹತ್ತಿರದ ಒಂದು ಆಲೆಮನೆ: ಬೆಲ್ಲವೂ ಚೆನ್ನಾಗಿದೆ, ಕೂಲಿ ಲೆಕ್ಕವೂ ಚೆನ್ನಾಗಿದೆ

ಮೊದಲು ಬೆಲ್ಲದ ವಿಷಯ. ಗಾಢ ಕಂದು ಬಣ್ಣ. ಬಾಯಿಗಿಟ್ಟರೆ ಕರಗುತ್ತದೆ, ಕೊನೆಗೆ ನಾಲಿಗೆ ಮೇಲೆ ಸಣ್ಣಗೆ ಉಪ್ಪು ಉಳಿಯುತ್ತದೆ. ಕಾಫಿಗೆ ಹಾಕಿದೆ, ಹಾಲು ಒಡೆಯಲಿಲ್ಲ. ಅಂಗಡಿಗಳಲ್ಲಿ ಹಳದಿಯಾಗಿ ಹೊಳೆಯುವ ಅಚ್ಚು ಬೆಲ್ಲ ನೋಡಿರುತ್ತೀರಲ್ವಾ, ಆ ಬಣ್ಣ ಬರಲಿ ಅಂತ ಎಷ್ಟೋ ಕಡೆ ಹೈಡ್ರೋಸ್ ಅನ್ನೋ ಬ್ಲೀಚ್ ರಾಸಾಯನಿಕ ಸುರಿಯುತ್ತಾರೆ. ಇಲ್ಲಿ ಸುಣ್ಣ, ಬೆಂಡೆ ಗಿಡದ ಲೋಳೆ, ಅಷ್ಟೇ. ನಾನೇ ನಿಂತು ನೋಡಿದೆ. ಕೆಜಿಗೆ 90 ರೂಪಾಯಿ. ಮಂಡಿ ಬೆಲೆಗಿಂತ ಜಾಸ್ತಿ. ಆದರೂ ನಾಲ್ಕು ಕೆಜಿ ತಂದೆ, ಯಾಕೆ ಅಂತ ಹೇಳುತ್ತೇನೆ.

ನಮ್ಮ ತಾತ ಜೀತಕ್ಕಿದ್ದವರು. ತಂಗಿ ಮದುವೆಗೆ ತಂದ 300 ರೂಪಾಯಿಗೆ ಹನ್ನೊಂದು ವರ್ಷ. ಪ್ರತಿ ಯುಗಾದಿಗೆ ಲೆಕ್ಕ ಹಾಕುವಾಗ ಸಾಲ ಬೆಳೆದೇ ಇರುತ್ತಿತ್ತಂತೆ. ಕೆಆರ್‌ಎಸ್ ನೀರು ಬಂದಿತ್ತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯೂ ಶುರುವಾಗಿ ಊರೆಲ್ಲ ಬೆಳೆದಿತ್ತು, ಆ ನೀರು ಹರಿದ ಕಬ್ಬಿನ ಗದ್ದೆಯಲ್ಲೇ ತಾತ ದುಡಿದದ್ದು. 1976ರ ಜೀತ ರದ್ದು ಕಾನೂನು ಬಂದು ಸಾಲ ಮನ್ನಾ ಆದಾಗ ಅವರು ಮೂರು ದಿನ ಮನೆಯಿಂದ ಹೊರಗೇ ಬರಲಿಲ್ಲ ಅಂತ ಅಪ್ಪ ಹೇಳುತ್ತಾರೆ, ಮತ್ತೆ ಕರೆದುಕೊಂಡು ಹೋಗುತ್ತಾರೆ ಅನ್ನೋ ಭಯ.

ಹಾಗಾಗಿ ನಾನು ಯಾವ ಆಲೆಮನೆಗೆ ಹೋದರೂ ಒಂದು ಮಾತು ಕೇಳುತ್ತೇನೆ: ಕೆಲಸದವರ ಮೇಲೆ ಮುಂಗಡ ಎಷ್ಟಿದೆ, ತೀರಿಸದೆ ಹೊರಟರೆ ಏನು ಮಾಡುತ್ತೀರಿ? ಹೋದ ವರ್ಷ ಇನ್ನೊಂದು ಕಡೆ ಕೇಳಿದ್ದಕ್ಕೆ, ಬೆಲ್ಲ ಬೇಕಾದರೆ ತಗೊಂಡು ಹೋಗಿ ಅಂದರು. ಇಲ್ಲಿ ಮಾಲೀಕರು "ಬನ್ನಿ ಅಕ್ಕ, ಕೂತ್ಕೊಳಿ" ಅಂತ ಹೇಳಿ ನೋಟ್‌ಬುಕ್ಕನ್ನೇ ಕೈಗೆ ಕೊಟ್ಟರು. ಮುಂಗಡ ಇಲ್ಲ. ಶನಿವಾರ ಶನಿವಾರ ಬಟವಾಡೆ. ಪಾಕ ಕಾಯಿಸುವ ಹುಡುಗ ಉತ್ತರ ಪ್ರದೇಶದವನು. ಮಾಲೀಕರು ಆಚೆ ಹೋದಾಗ ನನ್ನ ಅರೆಬರೆ ಹಿಂದಿಯಲ್ಲಿ ಕೇಳಿದೆ, ಊರಿಗೆ ಹೋಗ್ತೀನಿ ಅಂದರೆ ಬಿಡ್ತಾರಾ ಅಂತ. ಹೋಳಿ ಹಬ್ಬಕ್ಕೆ ಹೋಗಿ ಹದಿನೈದು ದಿನ ಇದ್ದು ಬಂದೆ ಅಂದ.

ಕೊಪ್ಪರಿಗೆ ಪಕ್ಕ ನಿಂತಾಗ ನನಗೆ ನೆನಪಾಗುವುದು ಕೆರಿಬಿಯನ್ ದ್ವೀಪಗಳು. ಕಡಿದ ಕಬ್ಬು ಕಾಯುವುದಿಲ್ಲ, ಬೇಗ ಅರೆಯಬೇಕು, ಕಬ್ಬಿನ ಹಾಲು ಹುಳಿಯಾಗುವ ಮೊದಲು ಕಾಯಿಸಬೇಕು. ಅಲ್ಲಿ ಸುಗ್ಗಿಯಲ್ಲಿ ಗುಲಾಮರನ್ನು ರಾತ್ರಿಯಿಡೀ ದುಡಿಸುತ್ತಿದ್ದರು. ನಿದ್ದೆಗಣ್ಣಲ್ಲಿ ಕೈ ಗಾಣಕ್ಕೆ ಸಿಕ್ಕಿದರೆ ಕಡಿದುಹಾಕಲು ಪಕ್ಕದಲ್ಲೇ ಕೊಡಲಿ ಇಡುತ್ತಿದ್ದರು. ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನು ಹಡಗಿಗೆ ತುಂಬಿದರು, ಸುಮಾರು 18 ಲಕ್ಷ ಜನ ದಾರಿಯಲ್ಲೇ ಸತ್ತರು. ದಡ ಮುಟ್ಟಿದವರಲ್ಲಿ ಹೆಚ್ಚಿನವರು ಹೋದದ್ದು ಬ್ರೆಜಿಲ್ ಮತ್ತು ಕೆರಿಬಿಯನ್‌ಗೆ, ಅಲ್ಲೂ ಬಹಳ ಜನ ಕಬ್ಬಿಗೆ. ಆ ದುಡ್ಡಲ್ಲಿ ಲಿವರ್‌ಪೂಲ್, ಬ್ರಿಸ್ಟಲ್ ಬಂದರುಗಳು ಕೊಬ್ಬಿದವು.

ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದತಿಯ ಕಾನೂನು ಮಾಡಿತು. ಪರಿಹಾರ 2 ಕೋಟಿ ಪೌಂಡ್. ಸಿಕ್ಕಿದ್ದು ಮಾಲೀಕರಿಗೆ! ದುಡಿದವರಿಗೆ ಒಂದು ಕಾಸೂ ಇಲ್ಲ. ಅದನ್ನು ಕೊಡಲು ಸರ್ಕಾರ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಗುಲಾಮರು ಬಿಡುಗಡೆಯಾದ ತೋಟಗಳಿಗೆ ನಮ್ಮ ದೇಶದ ಬಡವರನ್ನು ಕರಾರು ಹಾಕಿಸಿ ಮಾರಿಷಸ್, ಗಯಾನಾಕ್ಕೆ ಕಳಿಸಿದರು, ಅಲ್ಲೂ ಕಬ್ಬೇ.

ಫ್ರಾನ್ಸಿನ ವಸಾಹತಾಗಿದ್ದ ಕೆರಿಬಿಯನ್‌ನ ಹೈಟಿಯ ಕಥೆಯನ್ನಂತೂ ನೆನೆದರೆ ಹೊಟ್ಟೆ ಉರಿಯುತ್ತದೆ. ಗುಲಾಮರೇ ದಂಗೆ ಎದ್ದು 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗುಗಳನ್ನು ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು, ನಮ್ಮ ಆಸ್ತಿ ಹೋಯಿತಲ್ಲ ಅಂತ. ಆ ಆಸ್ತಿ ಅಂದರೆ ಭೂಮಿ ಜೊತೆಗೆ ಇವರೇ, ಮನುಷ್ಯರು. ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರು, ಆದರೂ ಕಟ್ಟುವುದಕ್ಕೆ ಫ್ರಾನ್ಸಿನ ಬ್ಯಾಂಕುಗಳಲ್ಲೇ ಸಾಲ ಮಾಡಿ, ಅದರ ಬಾಕಿ 1947ರವರೆಗೂ ನಡೆಯಿತು. ಶಾಲೆ, ರಸ್ತೆಗೆ ಹೋಗಬೇಕಿದ್ದ ದುಡ್ಡು ಅದು. ಆ ದೇಶ ಯಾಕೆ ಮುಂದೆ ಬರಲಿಲ್ಲ ಅಂತ ಸುಮ್ನೆ ಕೇಳುವವರು ಈ ಲೆಕ್ಕ ನೋಡಬೇಕು. ತಾತನ ಯುಗಾದಿ ಲೆಕ್ಕವೇ ಇದು, ಇಲ್ಲಿ ಇಡೀ ದೇಶದ ಹೆಸರಲ್ಲಿ ಬರೆದಿದ್ದಾರೆ.

ಆಲೆಮನೆಗೆ ಬರುತ್ತೇನೆ. ಕೊರತೆಗಳೂ ಇವೆ. ಪೇಪರಲ್ಲಿ ಸುತ್ತಿ ಕೊಡುತ್ತಾರೆ, ಡಬ್ಬಿ ನೀವೇ ಒಯ್ಯಿರಿ. ಮಳೆಗಾಲದಲ್ಲಿ ಬೇಗ ನೀರೊಡೆಯುತ್ತದೆ. ಬಿಲ್ ಇಲ್ಲ. ಒಲೆ ಹತ್ತಿರ ಹೊಗೆ ಜಾಸ್ತಿ, ಸಿಪ್ಪೆ ತುಂಬುವ ಹೆಂಗಸಿನ ಕಣ್ಣು ಕೆಂಪಾಗಿತ್ತು, ಚಿಮಣಿ ಎತ್ತರಿಸಿ ಅಂತ ಹೇಳಿ ಬಂದಿದ್ದೇನೆ, ದಸರಾ ಕಳೆದ ಮೇಲೆ ಮಾಡಿಸುತ್ತೇವೆ ಅಂದರು. ಬೆಳಿಗ್ಗೆ ಹತ್ತರೊಳಗೆ ಹೋದರೆ ಬಿಸಿ ಪಾಕವನ್ನು ಮುತ್ತುಗದ ಎಲೆಯಲ್ಲಿ ಹಾಕಿ ಕೊಡುತ್ತಾರೆ. ಕೆಲಸದವರ ಮಕ್ಕಳು ಶಾಲೆಗೆ ಹೋಗುತ್ತಾರಾ ಅಂತ ಕೇಳುವುದೇ ಮರೆತೆ. ಮುಂದಿನ ತಿಂಗಳು ಹೋದಾಗ ಕೇಳಿ ಇಲ್ಲೇ ಸೇರಿಸುತ್ತೇನೆ.