ಕೆಂಪು ದೀಪ ಕಂಡ ಮಾತ್ರಕ್ಕೆ ಬ್ಯಾಟರಿ ಬದಲಿಸಬೇಡಿ

ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪವನ್ನು ತಪ್ಪಾಗಿ ಅರ್ಥಮಾಡಿಕೊಂಡ ಕಾರಣಕ್ಕೆ ನಾನು ಒಂದೇ ತಿಂಗಳಿನಲ್ಲಿ ಹೊಸ ಬ್ಯಾಟರಿಯನ್ನೂ, ಎಂಜಿನ್ ಓಡುವಾಗ ಕರೆಂಟ್ ಉತ್ಪಾದಿಸಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಹೊಸದಾಗಿ ಕೊಂಡೆ. ಎರಡೂ ಬೇಕಿರಲಿಲ್ಲ. ಕೆಟ್ಟಿದ್ದದ್ದು ಒಂದು ವೈರಿನ ತುದಿಯಲ್ಲಿದ್ದ ಬೆರಳಗಲದ ಜೋಡಣೆ ಮಾತ್ರ.

ದೀಪ ಕಾಣಿಸಿಕೊಂಡ ರೀತಿಯಲ್ಲೇ ರೋಗದ ಸುಳಿವಿತ್ತು, ನಾನು ಗಮನಿಸಲಿಲ್ಲ. ಹಗಲಿನಲ್ಲಿ ಅದು ಹೊತ್ತುತ್ತಲೇ ಇರಲಿಲ್ಲ. ರಾತ್ರಿ ಹೆಡ್‌ಲೈಟ್ ಹಾಕಿ ಏಸಿ ಫ್ಯಾನನ್ನು ಏರಿಸಿದಾಗ ಮಾತ್ರ ಬೂದಿ ಮುಚ್ಚಿದ ಕೆಂಡದಂತೆ ಮಂಕಾಗಿ ಕೆಂಪಗಾಗುತ್ತಿತ್ತು. ಗ್ಯಾರೇಜಿಗೆ ಒಯ್ದಾಗ ಮೆಕ್ಯಾನಿಕ್ ಎಂಜಿನ್ ಓಡುತ್ತಿರುವಂತೆಯೇ ಬ್ಯಾಟರಿಯ ಒಂದು ಟರ್ಮಿನಲ್ ಕಳಚಿ, ಎಂಜಿನ್ ನಿಲ್ಲದಿದ್ದುದನ್ನು ನೋಡಿ, "ಡೈನಮೋ (ಆಲ್ಟರ್ನೇಟರ್) ಸರಿಯಿದೆ ಸರ್, ಬ್ಯಾಟರಿ ಹೋಗಿದೆ" ಎಂದು ತೀರ್ಪು ಕೊಟ್ಟರು. ಆ ಕ್ಷಣದಿಂದ ಮ್ಯೂಸಿಕ್ ಸಿಸ್ಟಮ್ ಮೂಕವಾಯಿತು. ಇಂದಿನ ಕಾರಿನಲ್ಲಿ ಯಾರಾದರೂ ಈ ಪರೀಕ್ಷೆಗೆ ಕೈಹಾಕಿದರೆ ದಯವಿಟ್ಟು ತಡೆಯಿರಿ. ಆಲ್ಟರ್ನೇಟರ್ ಹೊರಹಾಕುವ ಕರೆಂಟನ್ನು ನುಂಗಿಕೊಳ್ಳಲು ಬ್ಯಾಟರಿಯೇ ಇಲ್ಲದಂತಾದಾಗ ವೋಲ್ಟೇಜ್ ಕ್ಷಣಾರ್ಧದಲ್ಲಿ ಹತ್ತಾರು ವೋಲ್ಟ್‌ಗಳಿಗೆ ಜಿಗಿಯಬಹುದು. ಎಂಜಿನ್ನಿನ ಕಂಪ್ಯೂಟರ್ ಸುಟ್ಟುಹೋಗಲು ಅಷ್ಟು ಸಾಕು. ನನ್ನದು ಮ್ಯೂಸಿಕ್ ಸಿಸ್ಟಮಿಗೇ ನಿಂತದ್ದು ಅದೃಷ್ಟ.

ಹೊಸ ಬ್ಯಾಟರಿ ಹಾಕಿದ ಐದನೆಯ ರಾತ್ರಿ ಹೆದ್ದಾರಿಯಲ್ಲಿ ಹೆಡ್‌ಲೈಟಿನ ಬೆಳಕು ಹಳದಿಗೆ ತಿರುಗಿತು. ಬಳಿಕ ಬ್ರೇಕಿನ ಎಬಿಎಸ್ ದೀಪ, ಅದರ ಹಿಂದೆಯೇ ಸ್ಟಿಯರಿಂಗಿನ ದೀಪ ಹೊತ್ತಿಕೊಂಡವು, ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಭಾರವಾಯಿತು. ಅಷ್ಟೊಂದು ದೀಪಗಳನ್ನು ಕಂಡು ಎಲ್ಲವೂ ಒಟ್ಟಿಗೆ ಕೆಟ್ಟವೆಂದು ಗಾಬರಿಯಾದೆ. ವಾಸ್ತವದಲ್ಲಿ ಅವೆಲ್ಲಕ್ಕೂ ವೋಲ್ಟೇಜ್ ಕುಸಿದಿತ್ತು, ಅಷ್ಟೇ. ಕಾರನ್ನು ರಸ್ತೆಯಂಚಿಗೆ ತರುವಷ್ಟರಲ್ಲಿ ಎಂಜಿನ್ ನಿಂತಿತು, ಮತ್ತೆ ಸೆಲ್ಫ್ ಹೊಡೆಯಲಿಲ್ಲ. ಎರಡನೆಯ ಗ್ಯಾರೇಜಿನವರು, ಬ್ಯಾಟರಿ ಹೊಸದಾದ್ದರಿಂದ ಆಲ್ಟರ್ನೇಟರೇ ಕೆಟ್ಟಿರಬೇಕೆಂದು ಊಹಿಸಿ ಅದನ್ನು ಬದಲಿಸಿದರು. ವೋಲ್ಟೇಜ್ ಅಳೆಯುವ ಮೀಟರ್ ಹಿಡಿದವರು ಒಬ್ಬರೂ ಇಲ್ಲ. ಅಂದು ರಾತ್ರಿ ಹೆಡ್‌ಲೈಟ್ ಹಾಕಿದೆ: ಅದೇ ಮಂಕು ಕೆಂಪು.

ಕೊನೆಗೆ ನಾನೇ ಒಂದು ಸಾಧಾರಣ ಮಲ್ಟಿಮೀಟರ್ ಕೊಂಡು, ದೀಪ ಹೊತ್ತುವುದು ಹೇಗೆಂದು ತಿಳಿದುಕೊಂಡೆ. ನನ್ನದರಂಥ ಹಳೆಯ ಕಾರುಗಳಲ್ಲಿ ಆ ಬಲ್ಬಿನ ಒಂದು ತುದಿ ಇಗ್ನಿಷನ್ ಸ್ವಿಚ್ಚಿನ ಮೂಲಕ ಬ್ಯಾಟರಿಗೂ ಇನ್ನೊಂದು ತುದಿ ಆಲ್ಟರ್ನೇಟರಿಗೂ ಸೇರಿರುತ್ತದೆ. ಎರಡೂ ಕಡೆ ವೋಲ್ಟೇಜ್ ಸಮನಾದರೆ ಬಲ್ಬಿನಲ್ಲಿ ಕರೆಂಟ್ ಹರಿಯದೆ ದೀಪ ಆರುತ್ತದೆ. ಯಾವ ಕಡೆ ಹೆಚ್ಚು, ಯಾವ ಕಡೆ ಕಡಿಮೆ ಎಂಬುದು ಬಲ್ಬಿಗೆ ತಿಳಿಯದು, ವ್ಯತ್ಯಾಸವಿದ್ದರೆ ಹೊತ್ತುತ್ತದೆ. ಪೂರ್ತಿ ಹೊತ್ತಿದರೆ ಆಲ್ಟರ್ನೇಟರ್ ಏನನ್ನೂ ಉತ್ಪಾದಿಸುತ್ತಿಲ್ಲ ಎಂದು ಸಾಮಾನ್ಯವಾಗಿ ಭಾವಿಸಬಹುದು. ಮಂಕಾಗಿ ಹೊತ್ತಿದರೆ ಆಲ್ಟರ್ನೇಟರಿನೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಡಯೋಡ್ ಕೆಟ್ಟಿರಬಹುದು, ಇಲ್ಲವೇ ಆಲ್ಟರ್ನೇಟರಿನಿಂದ ಬ್ಯಾಟರಿಯವರೆಗಿನ ದಾರಿಯಲ್ಲಿ ಎಲ್ಲೋ ತಡೆಯಿರಬಹುದು.

ಹೆಡ್‌ಲೈಟ್, ಫ್ಯಾನ್ ಎರಡನ್ನೂ ಹಾಕಿ ಎಂಜಿನ್ ಓಡಿಸಿ ನೋಡಿದಾಗ ಬ್ಯಾಟರಿಯ ಮೇಲೆ ಸಿಕ್ಕಿದ್ದು 12.5 ವೋಲ್ಟ್, ಆಲ್ಟರ್ನೇಟರಿನ ಹಿಂಬದಿಯ ದಪ್ಪ ಬೋಲ್ಟಿನ ಮೇಲೆ 14.2. ಮೀಟರಿನ ಕೆಂಪು ಕಡ್ಡಿಯನ್ನು ಆ ಬೋಲ್ಟಿಗೂ ಕಪ್ಪನ್ನು ಬ್ಯಾಟರಿಯ ಪಾಸಿಟಿವ್‌ಗೂ ಹಿಡಿದರೆ ನಡುವಿನ ನಷ್ಟ ನೇರವಾಗಿ ಕಾಣುತ್ತದೆ: 0.2 ವೋಲ್ಟಿನ ಆಸುಪಾಸಿನಲ್ಲಿ ಇರಬೇಕಾದದ್ದು ನನ್ನಲ್ಲಿ 1.7 ಇತ್ತು. ಎಂಜಿನ್ ನಿಲ್ಲಿಸಿ ಆ ವೈರನ್ನು ಸವರುತ್ತಾ ಬಂದೆ. ಬ್ಯಾಟರಿಯ ಕಡೆಯ ತುದಿ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುತ್ತಿದ್ದ ರಬ್ಬರ್ ತೋಳನ್ನು, ಮೊದಲು ನೆಗೆಟಿವ್ ಟರ್ಮಿನಲ್ ಕಳಚಿ, ಬ್ಲೇಡಿನಿಂದ ಸೀಳಿದಾಗ ಒಳಗಿನ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು, ಉಗುರು ತಾಗಿಸಿದರೆ ಪುಡಿಪುಡಿಯಾಗಿ ಉದುರುತ್ತಿದ್ದವು. ಆ ವೈರನ್ನು ಬದಲಿಸಿದ ಮೇಲೆ ಬ್ಯಾಟರಿಯ ಮೇಲೆ 14.1 ಬಂತು, ದೀಪ ಆರಿತು.

ಆದ್ದರಿಂದ ಯಾವ ಬಿಡಿಭಾಗಕ್ಕೂ ಹಣ ತೆರುವ ಮೊದಲು ಅಳೆಯಲು ಕೇಳಿ, ಅಳತೆಯನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಕೆಲವು ಗಂಟೆ ನಿಲ್ಲಿಸಿದ ಕಾರಿನಲ್ಲಿ ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 13.8ರಿಂದ 14.5. ಹದಿನೈದನ್ನು ದಾಟಿದರೆ ಸಾಮಾನ್ಯವಾಗಿ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುತ್ತದೆ. ಅಂಥ ಬ್ಯಾಟರಿ ಕುದಿದು ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜನ್ನು ಏರಿಳಿಸುವುದರಿಂದ ಒಮ್ಮೆ 12.8 ಕಂಡಿತೆಂದು ದೋಷ ಹೊರಿಸಬಾರದು, ಹೆಡ್‌ಲೈಟ್ ಹಾಕಿ ಮತ್ತೆ ನೋಡಬೇಕು. ಎಂಜಿನ್ನಿನ ಲೋಹಕ್ಕೂ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ಅರ್ತ್ ಪಟ್ಟಿಯನ್ನೂ ಹಾಗೆಯೇ ಅಳೆಯಿರಿ. ಅದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಕೀ ತಿರುಗಿಸಿದಾಗ, ಎಂಜಿನ್ ಹೊರಡುವ ಮೊದಲು, ದೀಪ ಹೊತ್ತಲೇಬೇಕು; ಹೊತ್ತದಿದ್ದರೆ ಅದೂ ಒಂದು ದೋಷವೇ.

ಓಡುತ್ತಿರುವಾಗ ದೀಪ ಪೂರ್ತಿ ಹೊತ್ತಿದರೆ ಮೊದಲು ಎಂಜಿನ್ನಿನ ಉಷ್ಣತೆಯ ಮುಳ್ಳನ್ನು ನೋಡಿ. ಹಲವು ಕಾರುಗಳಲ್ಲಿ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ಎಂಜಿನನ್ನು ತಣಿಸುವ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹರಿದಿದ್ದರೆ ಕೂಡಲೇ ನಿಲ್ಲಿಸಬೇಕು, ಇನ್ನೆರಡು ಮೈಲಿ ಎಂದುಕೊಂಡರೆ ಎಂಜಿನ್ನೇ ಕೈಬಿಡುತ್ತದೆ. ಮುಳ್ಳು ಏರದೆ ಇದ್ದರೆ ಏಸಿ, ಫ್ಯಾನ್‌ಗಳನ್ನು ಆರಿಸಿ, ಎಂಜಿನ್ ಆಫ್ ಮಾಡದೆ, ಬೆಳಕಿರುವ ಹತ್ತಿರದ ಜಾಗಕ್ಕೆ ತಲುಪಿಕೊಳ್ಳಿ.

ಕಳಚಿದ ಹಳೆಯ ಭಾಗವನ್ನು ಕೇಳಿ ಪಡೆಯುವುದನ್ನೂ ಮರೆಯಬೇಡಿ. ಮೀಟರಿನ ಅಂಕಿಗಳನ್ನು ಬರೆದುಕೊಂಡು ನಾನು ಎರಡನೆಯ ಗ್ಯಾರೇಜಿಗೆ ಹೋದಾಗ, ಯಾವ ದೋಷವೂ ಇಲ್ಲದ ನನ್ನ ಆಲ್ಟರ್ನೇಟರನ್ನು ಅವರು ಆಗಲೇ ಗುಜರಿಗೆ ಹಾಕಿದ್ದರು.